ಸೋರುವ ಜಾಗ ತೋರಿಸಿ, ಆಮೇಲೆ ಬಿಲ್ ಕೊಡಿ

ಮಾರ್ಚ್ ಹಿಡಿದರೆ ಸಾಕು, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು ಹೆಚ್ಚಾಗುತ್ತವೆ. ಬಂದವರ ದೂರು ಒಂದೇ: ‘ಎ.ಸಿ. ಗಾಳಿ ಬರ್ತಿದೆ, ತಂಪು ಇಲ್ಲ.’ ಸಿಗುವ ಉತ್ತರವೂ ಹೆಚ್ಚುಕಮ್ಮಿ ಒಂದೇ: ‘ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಿದ್ರೆ ಸರಿ ಹೋಗುತ್ತೆ.’ ತುಂಬಿಸಿಕೊಂಡು ಹೊರಟರೆ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಮುಟ್ಟುವವರೆಗೂ ತಂಪೋ ತಂಪು. ತಿಂಗಳೆರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತದೇ ಬಿಸಿಗಾಳಿ, ಮತ್ತದೇ ಗ್ಯಾರೇಜು, ಮತ್ತೊಂದು ಬಿಲ್ಲು.

ಎ.ಸಿ. ಗ್ಯಾಸು ಉರಿದು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಕೂಲಿಂಗ್ ಕಾಯಿಲ್ ಇವುಗಳ ನಡುವೆ ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳ ಮೂಲಕ ವರ್ಷಗಟ್ಟಲೆ ಅವಧಿಯಲ್ಲಿ ಒಂದಿಷ್ಟು ಕಡಿಮೆಯಾಗುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಲ್ಲಿ ಎಂದು ಹುಡುಕದೆ ಗ್ಯಾಸು ತುಂಬುವುದು ರಿಪೇರಿ ಅಲ್ಲ. ಸೈಕಲ್ ಪಂಕ್ಚರ್ ಹಾಕುವ ಹುಡುಗ ಕೂಡ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುವ ಜಾಗ ತೋರಿಸಿ, ಆಮೇಲೆ ಪ್ಯಾಚ್ ಹಚ್ಚುತ್ತಾನೆ. ಹತ್ತು ಲಕ್ಷದ ಕಾರಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಭದ್ರಾವತಿ ನ್ಯೂಟೌನಿನ ಹಿರಿಯರೊಬ್ಬರು ಇತ್ತೀಚೆಗೆ ನನ್ನ ಮುಂದೆ ಒಂದು ಹಳೆಯ ಕೂಲಿಂಗ್ ಕಾಯಿಲ್ ತಂದಿಟ್ಟರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾರಿನ ವಾರಂಟಿ ಮುಗಿದ ಕೆಲವೇ ತಿಂಗಳಿಗೆ ಎ.ಸಿ. ಕೈಕೊಟ್ಟಿದೆ. ಅದಕ್ಕೂ ಮೊದಲು, ವಾರಂಟಿ ಇದ್ದಾಗಲೇ, ತಂಪು ಕಡಿಮೆ ಎಂದು ಹೇಳಿದ್ದರಂತೆ. ಸರ್ವಿಸ್ ಸೆಂಟರಿನವರು ಗ್ಯಾಸು ಟಾಪ್ ಅಪ್ ಮಾಡಿ ಕಳಿಸಿದ್ದರಂತೆ. ಈಗ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಇಳಿಸಬೇಕು ಎಂದು ದೊಡ್ಡ ಎಸ್ಟಿಮೇಟ್. ಹಣ ಕಟ್ಟಿದರು, ಆದರೆ ಹಳೆಯ ಪಾರ್ಟನ್ನು ಬಿಡದೆ ಕೇಳಿ ತಂದರು.

ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿದೆವು. ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಾಲು. ಅವುಗಳ ಸಂದಿಯಲ್ಲಿ ಧೂಳು, ಎಲೆಯ ಚೂರು ಸೇರಿ ಕಂಬಳಿಯಂತೆ ಕೂತಿತ್ತು. ಕೆಳಮೂಲೆಯಲ್ಲಿ, ನೀರು ಇಳಿದು ಹೋಗುವ ಕಡೆ, ಬೆರಳಗಲದ ಎಣ್ಣೆಯ ಕಲೆ. ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲದಂತೆಯೇ ಲೆಕ್ಕ. ಆದರೆ ಅದರ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸು ತಪ್ಪಿಸಿಕೊಂಡ ಜಾಗದಲ್ಲಿ ಎಣ್ಣೆ ತನ್ನ ಗುರುತು ಬಿಡುತ್ತದೆ. ತೂತು ಕಣ್ಣಿಗೆ ಕಾಣುವಷ್ಟು ದೊಡ್ಡದೇನಲ್ಲ. ‘ಲೋಹದ ಜೊತೆ ಜೀವಮಾನ ಕಳೆದವನು ನಾನು. ಇಷ್ಟು ಬೇಗ ತಿಂದುಹೋಗೋ ಲೋಹ ಹಾಕಿದ್ದು ಯಾರ ತಪ್ಪು?’ ಎಂದು ಅವರು ಕೇಳಿದರು. 1923ರಿಂದ ಕಬ್ಬಿಣ ಕರಗಿಸಿದ ಊರಿನವರು, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಜಿಲ್ಲೆಯವರು ಕೇಳುವ ಈ ಪ್ರಶ್ನೆಗೆ ‘ವೇರ್ ಅಂಡ್ ಟೇರ್’ ಎಂಬ ಮೂರು ಪದದ ಉತ್ತರ ಸಾಲದು.

ನಮ್ಮ ಸೀಮೆಯ ಪಾಲೂ ಇದರಲ್ಲಿದೆ ಎನ್ನುವುದನ್ನು ಒಪ್ಪಬೇಕು. ಮರದ ನೆರಳಿನಲ್ಲಿ ಕಾರು ನಿಲ್ಲಿಸುತ್ತೇವೆ. ಎಲೆ, ಹೂವು ವೈಪರಿನ ಕೆಳಗಿನ ಜಾಲರಿಗೆ ಬಿದ್ದು ಕೊಳೆಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆ ತೇವ ಆರುವುದಿಲ್ಲ. ಕ್ಯಾಬಿನ್ ಫಿಲ್ಟರ್ ತೆಗೆದು ಕೊಡವುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಕಾಯಿಲ್ ಮೇಲೆ ಕೂತ ಒದ್ದೆ ಕೊಳೆ ಅಲ್ಯೂಮಿನಿಯಮ್ಮನ್ನು ನಿಧಾನವಾಗಿ ತಿನ್ನುತ್ತದೆ. ಇನ್ನು ಮುಂಭಾಗದಲ್ಲಿ ರೇಡಿಯೇಟರಿನ ಎದುರಿಗೇ ಇರುವ ಕಂಡೆನ್ಸರಿಗೆ ಜಲ್ಲಿ ಟಿಪ್ಪರುಗಳ ಹಿಂದೆ ಹೋದರೆ ಕಲ್ಲೇಟು. ಈ ಕಲ್ಲೇಟಿನ ವಿಷಯದಲ್ಲಿ ಒಂದು ಮಾತು: ಅದು ವಾರಂಟಿಗೆ ಬರುವುದಿಲ್ಲ, ಆದರೆ ಅಪಘಾತದ ಹಾನಿ ಎಂದು ವಿಮೆಯಲ್ಲಿ ಕೇಳಬಹುದು. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವು ಭರಿಸಬೇಕಾದ ಪಾಲು 1,000 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,000. ನೋ ಕ್ಲೈಮ್ ಬೋನಸ್ ಹೋಗುತ್ತದೆಯಾದ್ದರಿಂದ ಲೆಕ್ಕ ಹಾಕಿ ನೋಡಿ. ಹೇಗಿದ್ದರೂ ಸೋರಿದ್ದು ಕಲ್ಲೇಟಿನಿಂದಲೋ, ಕೊಳೆತದ್ದರಿಂದಲೋ, ಕಂಪನಿಯ ಕಳಪೆ ಕಾಯಿಲಿನಿಂದಲೋ ಎಂದು ತೀರ್ಮಾನವಾಗಬೇಕಾದರೆ ಮೊದಲು ಸೋರುವ ಜಾಗ ಸಿಗಬೇಕು.

ಹುಡುಕುವುದು ಕಷ್ಟದ ಕೆಲಸವೇನಲ್ಲ, ತಾಳ್ಮೆಯ ಕೆಲಸ. ವ್ಯಾಕ್ಯೂಮ್ ಎಳೆದು ಅರ್ಧ ಗಂಟೆ ಮುಳ್ಳು ನಿಲ್ಲುತ್ತದೆಯೋ ನೋಡಬೇಕು. ನೈಟ್ರೋಜನ್ ಒತ್ತಡ ಕೊಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಬೇಕು. ಕಾಯಿಲಿನಂತೆ ಕಣ್ಣಿಗೆ ಬೀಳದ ಜಾಗಕ್ಕೆ ಯುವಿ ಡೈ ಬಿಟ್ಟು ನೀಲಿ ದೀಪದಲ್ಲಿ ನೀರಿಳಿಯುವ ಪೈಪಿನ ಬಾಯಿ ನೋಡಬೇಕು, ಇಲ್ಲವೇ ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿಯಬೇಕು. ಎಷ್ಟೋ ಸಲ ತಪ್ಪಿತಸ್ಥ ಸಿಗುವುದು ಬರೀ ಒಂದು ಓ-ರಿಂಗಿನಲ್ಲಿ, ಗ್ಯಾಸು ತುಂಬುವ ವಾಲ್ವಿನ ಪಿನ್ನಿನಲ್ಲಿ. ನೂರಿನ್ನೂರು ರೂಪಾಯಿಯ ವಸ್ತು. ಇಷ್ಟನ್ನು ಮಾಡದೆ 1,500ರಿಂದ 3,000 ರೂಪಾಯಿಯ ಗ್ಯಾಸು ಮತ್ತೆ ಮತ್ತೆ ತುಂಬಿಸುತ್ತ ಹೋದರೆ ಎಣ್ಣೆ ಕಡಿಮೆಯಾಗುತ್ತದೆ, ಎಣ್ಣೆ ಕಡಿಮೆಯಾದರೆ ಕಂಪ್ರೆಸರ್ ಜಾಮ್ ಆಗುತ್ತದೆ, ಆಗ ಬಿಲ್ಲು 20 ಸಾವಿರ ದಾಟುವುದು ಅಪರೂಪವಲ್ಲ. ಸಣ್ಣ ಸೋರಿಕೆ ದೊಡ್ಡ ಖರ್ಚಾಗುವ ದಾರಿ ಇದು.

‘ಎ.ಸಿ. ಇಲ್ಲದಿದ್ದರೆ ಕಿಟಕಿ ಇಳಿಸಿಕೊಳ್ಳಿ’ ಎನ್ನುವವರಿದ್ದಾರೆ. ಬೇಸಿಗೆಗೆ ಆ ಮಾತು ನಡೆದೀತು. ಜುಲೈನಲ್ಲಿ ಆಗುಂಬೆಯ ಘಾಟಿ ಇಳಿಯುವಾಗ, ಹೊಸನಗರ ದಾಟಿ ಹುಲಿಕಲ್ ಕಡೆ ಹೋಗುವಾಗ, ಕಾರಿನೊಳಗೆ ಐದು ಜನರ ಉಸಿರಿಗೆ ಗಾಜು ಮಬ್ಬಾದರೆ ಎದುರಿಗೆ ಬರುವ ಬಸ್ಸೇ ಕಾಣುವುದಿಲ್ಲ. ಒಳಗಿನ ತೇವ ಹೀರಿ ಗಾಜು ತಿಳಿಯಾಗಿಸುವುದು ಇದೇ ಎ.ಸಿ. ಮಲೆನಾಡಿನಲ್ಲಿ ಅದು ವೈಪರಿನಷ್ಟೇ ಅಗತ್ಯದ್ದು. ಸುರಕ್ಷತೆಯ ಭಾಗವೊಂದು ಮೂರು ನಾಲ್ಕು ವರ್ಷಕ್ಕೆ ತೂತಾದರೆ ಅದನ್ನು ಶೋಕಿಯ ನಷ್ಟ ಎಂದು ತಳ್ಳಿಹಾಕಬಾರದು.

ಇನ್ನು ವಾರಂಟಿ. ಈಗ ಬಹಳಷ್ಟು ಕಂಪನಿಗಳದು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ದೇಶದ ಅತಿದೊಡ್ಡ ಕಾರು ಕಂಪನಿ ಕೂಡ ಎರಡು ವರ್ಷದಿಂದ ಮೂರಕ್ಕೆ ಬಂದದ್ದು 2024ರ ಜುಲೈಯಲ್ಲಿ. ವಾರಂಟಿಯ ಅವಧಿ ದಾಟಿದ ಮೇಲೆ ಕಂಪನಿ ‘ನಮಗೂ ಇದಕ್ಕೂ ಸಂಬಂಧವಿಲ್ಲ’ ಎನ್ನುತ್ತದೆ. ಕಾನೂನೂ ಗ್ರಾಹಕನಿಗೆ ಕೇಳಿದ್ದೆಲ್ಲ ಕೊಡುವುದಿಲ್ಲ. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ನಡುವಿನ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಬದಲಿಸುವುದಕ್ಕೆ, ಇಡೀ ಕಾರು ಬದಲಿಸುವುದಕ್ಕಲ್ಲ. ಸರಿ, ಇಡೀ ಕಾರು ಯಾರಿಗೂ ಬೇಕಿಲ್ಲ. ಕಾಯಿಲ್ ಸಾಕು. ಅದಕ್ಕೆ ಬೇಕಾದದ್ದು ಒಂದು ಕಾಗದ: ವಾರಂಟಿ ಇದ್ದಾಗಲೇ ‘ತಂಪು ಕಡಿಮೆ’ ಎಂದು ಬರೆಸಿದ ಜಾಬ್ ಕಾರ್ಡ್. ಆ ಒಂದು ಸಾಲು ಇದ್ದರೆ ದೋಷ ಅವಧಿಯೊಳಗೇ ಶುರುವಾಗಿತ್ತು, ಹುಡುಕದೆ ಬಿಟ್ಟದ್ದು ಸೇವಾ ನ್ಯೂನತೆ ಎಂದು ವಾದಿಸಲು ಗಟ್ಟಿ ನೆಲೆ ಸಿಗುತ್ತದೆ. ನ್ಯೂಟೌನಿನ ಹಿರಿಯರ ಜಾಬ್ ಕಾರ್ಡಿನಲ್ಲಿ ಇದ್ದದ್ದು ‘ಜನರಲ್ ಚೆಕಪ್’ ಎಂಬ ಎರಡೇ ಪದ. ಬಾಯಿಮಾತಿನಲ್ಲಿ ಹೇಳಿದ್ದು ಬಾಯಿಮಾತಿನಲ್ಲೇ ಉಳಿಯಿತು.

ಕಾಗದ ಇದ್ದವರು ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಚೆನ್ನೈನಲ್ಲಿರಲಿ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಭದ್ರಾವತಿಯವರಿಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಕೊಟ್ಟ ಬೆಲೆ 50 ಲಕ್ಷದವರೆಗಿನ ವ್ಯವಹಾರ ಅಲ್ಲಿಗೆ ಬರುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡಿ ದೂರು ದಾಖಲಿಸಿದರೆ ಕಂಪನಿಗೆ ನೇರ ತಲುಪುತ್ತದೆ. ಸರ್ವಿಸ್ ಎಲ್ಲವನ್ನೂ ಅವರಲ್ಲೇ ಮಾಡಿಸಿದ ದಾಖಲೆಯಿದ್ದರೆ ‘ಗುಡ್‌ವಿಲ್’ ಹೆಸರಿನಲ್ಲಿ ಪಾರ್ಟಿನ ಬೆಲೆಯಲ್ಲಿ ಒಂದು ಪಾಲನ್ನು ಕಂಪನಿಗಳು ಹೊರುವ ರೂಢಿಯೂ ಇದೆ. ಆದರೆ ಅದನ್ನು ತಾವಾಗಿ ಯಾರೂ ಹೇಳುವುದಿಲ್ಲ. ಇಮೇಲಿನಲ್ಲಿ ಕೇಳಬೇಕು.

ಬಾಯಿ ಬಿಟ್ಟು ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 2016ರಿಂದ ಮಾರಾಟವಾದ ಹೋಂಡಾ ಸಿವಿಕ್ ಕಾರುಗಳಲ್ಲಿ ಎ.ಸಿ. ಕಂಡೆನ್ಸರ್ ಸೋರತೊಡಗಿತು. ದೂರುಗಳು ರಾಶಿ ಬಿದ್ದವು. 2019ರಲ್ಲಿ ಕಂಪನಿ ಆ ಒಂದು ಭಾಗಕ್ಕೆ ಮಾತ್ರ ವಾರಂಟಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಅಂದರೆ ಒಂದು ಭಾಗಕ್ಕೆ ಹತ್ತು ವರ್ಷದ ಹೊಣೆ ಹೊರುವುದು ಕಾರು ಕಂಪನಿಗೆ ಅಸಾಧ್ಯವೇನಲ್ಲ. ನಮ್ಮ ದೂರುಗಳು ಮಾತ್ರ ಗ್ಯಾರೇಜಿನ ಬೆಂಚಿನ ಮೇಲೆಯೇ ಕರಗಿಹೋಗುತ್ತವೆ, ಆಯೋಗದ ಕಡತಕ್ಕೆ ಹೋಗುವುದಿಲ್ಲ.

ಕಂಪನಿಯ ಸರ್ವಿಸ್ ಸೆಂಟರ್ ದುಬಾರಿಯಾದರೆ ಹೊರಗಿನ ಗ್ಯಾರೇಜಿಗೆ ಹೋಗುವ ಹಕ್ಕು ನಮಗಿದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಹೊರಗೆ ಮುಟ್ಟಿಸಿದರೆ ವಾರಂಟಿ ಕ್ಯಾನ್ಸಲ್’ ಎಂಬ ಬೆದರಿಕೆ ಇನ್ನೂ ನಡೆಯುತ್ತಿದೆ. ಶಂಶೇರ್ ಕಟಾರಿಯಾ ಎಂಬುವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಕಟ್ಟಿಹಾಕಿದ್ದೇ ತಪ್ಪು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಕೂಡದು, ಆ ರಿಪೇರಿಯಿಂದಲೇ ಆದ ಹಾನಿಗಷ್ಟೇ ಹೊಣೆ ನಿರಾಕರಿಸಬಹುದು, ಬಿಡಿಭಾಗಗಳ ಬೆಲೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಎಂದೂ ಆದೇಶದಲ್ಲಿತ್ತು. ದಂಡದ ವಿಚಾರ ಮೇಲ್ಮನವಿಗಳಿಗೆ ಹೋಯಿತು. ಆದರೆ ಆ ತರ್ಕ ಸಾಯಲಿಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್‌ನಲ್ಲಿ ವಾಹನಗಳೂ ಸೇರಿವೆ.

ಆಟೋ ಕಾಂಪ್ಲೆಕ್ಸಿನಂಥ ಜಾಗದಲ್ಲಿ ಕೈಗುಣದ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಡ್ಯಾಶ್‌ಬೋರ್ಡ್ ಇಳಿಸಿ, ಒಂದು ಕ್ಲಿಪ್ಪೂ ಮುರಿಯದೆ ಮತ್ತೆ ಕೂರಿಸುವವರಿದ್ದಾರೆ. ಅವರಿಂದಲೂ ಕೇಳಬೇಕಾದದ್ದಿದೆ. ‘ಸ್ಟಾಪ್ ಲೀಕ್’ ಎಂಬ ಅಂಟು ದ್ರವ ಬೇಡ. ತೂತು ಮುಚ್ಚುವುದರ ಜೊತೆಗೆ ವಾಲ್ವನ್ನೂ ಮುಚ್ಚಿಬಿಡಬಹುದು. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಗ್ಯಾಸು ಬೇಡವೇ ಬೇಡ. ಡ್ಯಾಶ್‌ಬೋರ್ಡಿನೊಳಗೆ ಸೋರುವ ಕಾಯಿಲಿಗೆ ಉರಿಯುವ ಗ್ಯಾಸು ತುಂಬುವುದು ಪ್ರಾಣದ ಜೊತೆ ಆಟ. ತುಂಬಿದ ಗ್ಯಾಸು ಎಷ್ಟು ಗ್ರಾಂ ಎಂದು ತೂಕ ಹಾಕಿ ಬಿಲ್ಲಿನಲ್ಲಿ ಬರೆಯಲಿ. ಎಷ್ಟು ಬೇಕೆಂದು ಬಾನೆಟ್ಟಿನ ಕೆಳಗಿನ ಸ್ಟಿಕರ್ ಹೇಳುತ್ತದೆ.

ಆ ಗ್ರಾಂ ಲೆಕ್ಕಕ್ಕೆ ಇನ್ನೊಂದು ಮಹತ್ವವಿದೆ. ನಮ್ಮ ಬಹುತೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ತೀವ್ರ. ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಉರಿಸಿದಷ್ಟು. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಏಳು ಸಲ ಹೋಗಿಬಂದಂತೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಲ್ಲಿ ಈ ಗ್ಯಾಸೇ ಇಲ್ಲ. ಕಿಗಾಲಿ ಒಪ್ಪಂದದಂತೆ ಭಾರತ ಇಂಥ ಗ್ಯಾಸುಗಳ ಬಳಕೆ ಇಳಿಸಲು ಆರಂಭಿಸುವುದು 2032ರಿಂದ. ಅಲ್ಲಿಯವರೆಗೆ, ಸೋರುವ ಕಾರಿಗೆ ಹುಡುಕದೆ ಗ್ಯಾಸು ತುಂಬುವ ಪ್ರತಿ ಸಲವೂ ಗ್ರಾಹಕನ ಜೇಬಿನ ಜೊತೆಗೆ ಎಲ್ಲರ ಬೇಸಿಗೆಯೂ ಸುಡುತ್ತದೆ.

ಶಿವಮೊಗ್ಗದಲ್ಲಿ 1980ರಿಂದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು ಇದೆ, ಭದ್ರಾವತಿಯಲ್ಲಿ ಲೋಹ ಬಲ್ಲ ನಿವೃತ್ತರಿದ್ದಾರೆ. ತೂತಾದ ಕಾಯಿಲೊಂದನ್ನು ನೋಡಿ ಇದು ಕೊಳೆತದ್ದೋ, ತಯಾರಿಕೆಯ ದೋಷವೋ ಎಂದು ಬರೆದುಕೊಡಬಲ್ಲ ತಜ್ಞರು ನಮ್ಮ ಕೈಯಳತೆಯಲ್ಲೇ ಇದ್ದಾರೆ. ಅವರು ಆ ಅಭಿಪ್ರಾಯ ಕೊಡಲು ಮುಂದೆ ಬರಬೇಕು. ಅಂಥ ಒಂದು ಪತ್ರ ಆಯೋಗದ ಮುಂದೆ ಗ್ರಾಹಕನ ಹತ್ತು ಮಾತಿಗಿಂತ ಹೆಚ್ಚು ತೂಗುತ್ತದೆ.

ನಿಮ್ಮ ಕಾರಿನ ವಾರಂಟಿ ಯಾವ ತಿಂಗಳು ಮುಗಿಯುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ಅದಕ್ಕೆ ಮೊದಲಿನ ಸರ್ವಿಸಿನಲ್ಲಿ ಎ.ಸಿ. ಲೀಕ್ ಟೆಸ್ಟ್ ಮಾಡಿಸಿ. ತಂಪು ಕಡಿಮೆಯಿದ್ದರೆ ಅದನ್ನೂ, ಟೆಸ್ಟಿನಲ್ಲಿ ಬಂದದ್ದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ, ಬರೆದದ್ದನ್ನು ಓದಿ, ಆಮೇಲೆ ಸಹಿ ಹಾಕಿ.