ಪ್ಲಗ್ ಕೂತರೆ ಸಾಲದು

ಹಾಡೋ ಪಿಟೀಲೋ ಕಲಿಯುವ ಮಕ್ಕಳು ಈಗ ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಲು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಬೇಕೆನ್ನುತ್ತಾರೆ. ಮೈಕಿನ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕಳಿಸುವುದು, ಅಲ್ಲಿಂದ ಬಂದ ಅಂಕಿಗಳನ್ನು ಮತ್ತೆ ಸದ್ದಾಗಿಸುವುದು ಅದರ ಕೆಲಸ. ಹೊಸದಕ್ಕೆ ಸಾವಿರಾರು ರೂಪಾಯಿ. ಹಾಗಾಗಿ ಅಪ್ಪ ಅಮ್ಮಂದಿರ ಕಣ್ಣು ಸೆಕೆಂಡ್‌ಹ್ಯಾಂಡ್ ಮಾಲಿನ ಮೇಲೆ. ಅಗ್ಗಕ್ಕೆ ಸಿಕ್ಕ ಪೆಟ್ಟಿಗೆಯ ಕೇಬಲ್ ಸಲೀಸಾಗಿ ಕೂರುತ್ತದೆ, ದೀಪವೂ ಹೊತ್ತಿಕೊಳ್ಳುತ್ತದೆ. ಸದ್ದು ಮಾತ್ರ ಇಲ್ಲ! ಎಷ್ಟೋ ಸಲ ಪೆಟ್ಟಿಗೆ ಕೆಟ್ಟಿರುವುದಿಲ್ಲ. ಅದರ ಭಾಷೆ ಕಂಪ್ಯೂಟರಿಗೆ ತಿಳಿದಿರುವುದಿಲ್ಲ, ಅಷ್ಟೆ.

ಇವೆರಡರ ನಡುವಿನ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಕೆಲವು ಪೆಟ್ಟಿಗೆಗಳಿಗೆ ಪ್ರತ್ಯೇಕ ಡ್ರೈವರ್ ಬೇಡ. ಎಲ್ಲ ತಯಾರಕರಿಗೂ ಸಾಮಾನ್ಯವಾದ ನಿಯಮಾವಳಿಯಂತೆ ಅವು ತಯಾರಾಗಿರುತ್ತವೆ; ವಿವರಪತ್ರದಲ್ಲಿ ‘ಕ್ಲಾಸ್ ಕಂಪ್ಲಯೆಂಟ್’ ಎಂದು ಬರೆದಿರುವುದುಂಟು. 1998ರ ಮೊದಲ ನಿಯಮಾವಳಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಗೊತ್ತು. 2006ರ ಎರಡನೆಯದರ ಕಥೆ ಬೇರೆ. ಮ್ಯಾಕ್ ಮತ್ತು ಲಿನಕ್ಸ್ ಅದನ್ನು 2010ರಲ್ಲೇ ಕಲಿತವು. ವಿಂಡೋಸ್ ಕಲಿತದ್ದು 2017ರಲ್ಲಿ, ಅದೂ ವಿಂಡೋಸ್ 10ರಲ್ಲಿ. ಈ ಎರಡನೇ ಬಗೆಯ ಪೆಟ್ಟಿಗೆಯನ್ನು ಹಳೆಯ ವಿಂಡೋಸ್ 7ಕ್ಕೆ ಜೋಡಿಸಿದರೆ ತಯಾರಕರ ಡ್ರೈವರೇ ಗತಿ.

ತಯಾರಕರ ಡ್ರೈವರನ್ನೇ ನೆಚ್ಚಿಕೊಂಡ ಪೆಟ್ಟಿಗೆಗಳದ್ದು ನಿಜವಾದ ಪಜೀತಿ. ಆ ಮಾದರಿಗೆ ಹೊಸ ಡ್ರೈವರ್ ಬರೆಯುವುದನ್ನು ಕಂಪನಿ ನಿಲ್ಲಿಸಿದರೆ ಗಟ್ಟಿಮುಟ್ಟಾದ ಪೆಟ್ಟಿಗೆಯೂ ಮೂಲೆ ಸೇರುತ್ತದೆ. 32 ಬಿಟ್ ವಿಂಡೋಸಿಗೆ ಬರೆದ ಡ್ರೈವರ್ 64 ಬಿಟ್‌ನಲ್ಲಿ ನಡೆಯದು. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಸ್ನಾಪ್‌ಡ್ರಾಗನ್‌ನಂಥ ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಸೂಕ್ಷ್ಮ: ಇಂಟೆಲ್ ಚಿಪ್ಪಿಗೆ ಬರೆದ ಸಾಮಾನ್ಯ ಪ್ರೋಗ್ರಾಂಗಳು ಅಲ್ಲಿ ಬಹುಮಟ್ಟಿಗೆ ಓಡುತ್ತವೆ, ಡ್ರೈವರ್‌ಗಳು ಓಡುವುದಿಲ್ಲ. ಅಂಗಡಿಯವರು ‘ಎಲ್ಲಾ ಓಡುತ್ತೆ ಸಾರ್’ ಎಂದರೆ ಆ ಮಾತು ಅರ್ಧ ಮಾತ್ರ ನಿಜ.

ಕೊಳ್ಳುವ ಮುನ್ನ ಮಾದರಿಯ ಪೂರ್ತಿ ಹೆಸರು ಬರೆದುಕೊಂಡು, ಮನೆಯ ಕಂಪ್ಯೂಟರಿನಲ್ಲಿರುವ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಡ್ರೈವರ್ ಇದೆಯೇ ಎಂದು ತಯಾರಕರ ವೆಬ್‌ಸೈಟಿನಲ್ಲಿ ನೋಡಬೇಕು. ಒಂದೇ ಹೆಸರಿನ ಎರಡು ತಲೆಮಾರಿನ ಪೆಟ್ಟಿಗೆಗಳಿಗೆ ಬೇರೆ ಬೇರೆ ಡ್ರೈವರ್ ಇರುವುದುಂಟು. ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ದು ಎರಡು ನಿಮಿಷ ರೆಕಾರ್ಡ್ ಮಾಡಿ, ಕೇಳಿ, ಆಮೇಲೆ ದುಡ್ಡು ಎಣಿಸಬಹುದು. ವಿಂಡೋಸಾದರೆ ‘ಆಸಿಯೊ’ ಡ್ರೈವರ್ ಇದೆಯೇ ಎಂದೂ ವಿಚಾರಿಸುವುದು ಒಳ್ಳೆಯದು. ಅದಿಲ್ಲದಿದ್ದರೆ ಹಾಡಿದ್ದು ಕಂಪ್ಯೂಟರನ್ನು ಸುತ್ತಿಕೊಂಡು ಹೆಡ್‌ಫೋನಿಗೆ ತಡವಾಗಿ ಬಂದು, ತಾಳವೇ ತಪ್ಪೀತು.