ಇಸ್ಕೊಂಡವರು ಲೆಕ್ಕ ಕೊಡಲಿ

ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಬೆಂಗಳೂರಿನ ಮನೆ ಮಾಲೀಕರಿಗೆ ಇದು ಬಾಯಿಪಾಠ. ತಿಂಗಳ ಕೊನೆಯಲ್ಲಿ ತೆವಳುವ ಸರ್ವರ್ ಜೊತೆ ಗುದ್ದಾಡಿಯಾದರೂ ಕಟ್ಟಿ ಮುಗಿಸುವ ಈ ಜನರನ್ನು ನೋಡಿದರೆ, ‘ನಮ್ಮವರಿಗೆ ತೆರಿಗೆ ಕಟ್ಟುವ ಮನಸ್ಸೇ ಇಲ್ಲ’ ಎಂಬ ಮಾತನ್ನು ಹೇಗೆ ಒಪ್ಪುವುದು? ಕಟ್ಟುತ್ತಾರೆ. ಬೈದುಕೊಂಡೇ ಕಟ್ಟುತ್ತಾರೆ.

ಯಾಕೆ ಬೈಯುತ್ತಾರೆ ಎಂಬುದು ಆ ರಸೀದಿಯಲ್ಲೇ ಇದೆ. ತೆರಿಗೆಯ ಮೇಲೆ ಶೇ 15 ಆರೋಗ್ಯ ಸೆಸ್, ಶೇ 6 ಗ್ರಂಥಾಲಯ ಸೆಸ್, ಶೇ 3 ಭಿಕ್ಷುಕರ ಸೆಸ್. ಹೆಸರು ಹಿಡಿದು ಇಸ್ಕೊಂಡ ದುಡ್ಡು ಇದು. ಆದರೆ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ನೋಡಿ: ಎರಡು ಬೆಂಚು, ಮಡಿಕೆ ಬಿದ್ದ ದಿನಪತ್ರಿಕೆ, ಬೀಗ ಹಾಕಿದ ಬೀರು, ಕೆಪಿಎಸ್‌ಸಿ ಪರೀಕ್ಷೆಗೆ ತಾವೇ ಪುಸ್ತಕ ತಂದುಕೊಂಡು ಓದುವ ನಾಲ್ಕು ಹುಡುಗರು. ವಸೂಲಾದ ಸೆಸ್ಸನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡಿದೆ ಎಂಬ ದೂರು ಬಹಳ ವರ್ಷಗಳಿಂದ ಕೇಳಿಬರುತ್ತಲೇ ಇದೆ. ಮನೆಯವರು ಒಂದು ದಿನ ತಡ ಮಾಡಿದರೆ ರಿಯಾಯಿತಿ ಹೋಯಿತು. ಪಾಲಿಕೆ ತಡ ಮಾಡಿದರೆ ಕೇಳುವವರಿಲ್ಲ. ಕಸದ ಕಥೆಯೂ ಇದೇ. ತೆರಿಗೆಯ ಜೊತೆಗೆ ಕಸಕ್ಕೊಂದು ಸೆಸ್ ಆಗಲೇ ಇತ್ತು. 2025ರ ಏಪ್ರಿಲ್‌ನಿಂದ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಬಳಕೆದಾರರ ಶುಲ್ಕವೂ ಬಂತು. ರಸ್ತೆ ಮೂಲೆಯ ಕಸದ ರಾಶಿಗೆ ಈ ಸಂಗತಿ ಗೊತ್ತಾದಂತಿಲ್ಲ.

ತೆರಿಗೆ ಜಾಸ್ತಿಯಾಯಿತು ಎಂಬುದಕ್ಕಿಂತ, ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಡಬೇಕಲ್ಲ ಎಂಬುದು ಹೊಟ್ಟೆ ಉರಿಸುತ್ತದೆ. 2024ರ ಬೇಸಿಗೆ ನೆನಪಿರಬೇಕು. ಬೋರ್‌ವೆಲ್ ಬತ್ತಿ, ಟ್ಯಾಂಕರಿನವರು ಹೇಳಿದ್ದೇ ರೇಟು ಎಂಬಂತಾದಾಗ ಜಿಲ್ಲಾಡಳಿತ ಮಧ್ಯೆ ಬಂದು, 12,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗಾದರೆ 1,000 ರೂಪಾಯಿ ಎಂದು ಗೊತ್ತುಮಾಡಿತು. ಆ ಹೊತ್ತಿಗೆ ಅದು ಬೇಕಿದ್ದ ಕೆಲಸವೇ. ಆದರೂ ನೀರು ಕೊಡಬೇಕಾದ ಸರ್ಕಾರ ನೀರು ಮಾರುವವರ ದರಪಟ್ಟಿ ಬರೆಯುತ್ತ ಕೂತಿತ್ತು. ಕಾರು ಕೊಂಡರೆ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ ರಸ್ತೆ ತೆರಿಗೆ, ಅದರ ಮೇಲೆ ಸೆಸ್. ಗುಂಡಿಗೆ ಬಿದ್ದು ಸಸ್ಪೆನ್ಷನ್ ಹೋದರೆ ಗ್ಯಾರೇಜಿನ ಬಿಲ್ಲು ಬೇರೆ.

ಈ ಸಿಟ್ಟಿನಲ್ಲಿ ಒಂದಿಷ್ಟು ಸೋಗೂ ಇದೆ. ‘ನಾವು ತೆರಿಗೆ ಕಟ್ಟುತ್ತೇವೆ, ಅವರು ಪುಕ್ಕಟೆ ತಿನ್ನುತ್ತಾರೆ’ ಎನ್ನುವವರು ಆದಾಯ ತೆರಿಗೆ ಮಾತ್ರ ತೆರಿಗೆ ಎಂದುಕೊಂಡಿರುತ್ತಾರೆ. ಅವರ ಮನೆ ಪಾತ್ರೆ ತೊಳೆಯುವ ಹೆಂಗಸು ಮೈಸೋಪಿಗೆ 2025ರ ಸೆಪ್ಟೆಂಬರ್‌ವರೆಗೂ ಶೇ 18 ಜಿಎಸ್‌ಟಿ ಕೊಟ್ಟಿದ್ದಾಳೆ. ದೊಡ್ಡವರ ಕೋಪ ಸರ್ಕಾರಿ ಶಾಲೆ ಬಿಟ್ಟು ಖಾಸಗಿ ಶಾಲೆಗೆ, ಸರ್ಕಾರಿ ಆಸ್ಪತ್ರೆ ಬಿಟ್ಟು ಇನ್ಶೂರೆನ್ಸಿಗೆ ಹೋಗಿ ತಣ್ಣಗಾಗುತ್ತದೆ. ಹೆಡ್‌ಮಾಸ್ಟರ ಮುಂದೆ ನಿಂತು ಜಗಳವಾಡಬಲ್ಲ ಅಪ್ಪ-ಅಮ್ಮಂದಿರು ಜಾಗ ಖಾಲಿ ಮಾಡಿದ ಮೇಲೆ ಆ ಶಾಲೆಯ ಸೋರುವ ಸೂರನ್ನು ಕೇಳುವವರು ಯಾರು? ಪಾತ್ರೆ ತೊಳೆಯುವ ಆ ಹೆಂಗಸೇ ಕೇಳಬೇಕು. ಅವಳಿಗೆ ಒಂದು ದಿನದ ಕೂಲಿ ಬಿಟ್ಟು ಕಚೇರಿ ಸುತ್ತಲು ಆಗುವುದಿಲ್ಲ.

ಸರ್ಕಾರದ ಕೈಯಲ್ಲಿ ಆಗುವುದೇ ಇಲ್ಲ ಎಂದೇನಿಲ್ಲ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ. ಎದೆನೋವು ಎಂದರೆ ದುಡ್ಡಿದ್ದವರೂ ಅಲ್ಲಿಗೆ ಓಡುತ್ತಾರೆ. ಅಂಥ ಕಡೆ ತೆರಿಗೆಯ ಬಗ್ಗೆ ಯಾರೂ ಗೊಣಗುವುದಿಲ್ಲ.

ಇನ್ನು ಲೆಕ್ಕ ಕೇಳುವ ಬಾಗಿಲು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷ ರಾಜ್ಯ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳದ್ದೇ ರಾಜ್ಯಭಾರ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಅಷ್ಟೂ ಕಾಲ ವಸೂಲಿ ಒಂದು ದಿನವೂ ನಿಲ್ಲಲಿಲ್ಲ. ಕಾರ್ಪೊರೇಟರುಗಳೇನು ಸತ್ಯಹರಿಶ್ಚಂದ್ರರಾಗಿರಲಿಲ್ಲ, ಒಪ್ಪೋಣ. ಆದರೆ ಬೆಳಿಗ್ಗೆ ಅವರ ಮನೆ ಮುಂದೆ ಹೋಗಿ ಕೂಗಾಡಬಹುದಿತ್ತು.

ಇದೇ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತ್ತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದು ಅನ್ಯಾಯ, ‘ನನ್ನ ತೆರಿಗೆ ನನ್ನ ಹಕ್ಕು’ ಎಂಬುದು ಅದರ ಕೂಗು. ನ್ಯಾಯವಾದ ಕೂಗೇ. ಅದನ್ನೇ ಬಡಾವಣೆಯವನು ವಿಧಾನಸೌಧದ ಕಡೆ ತಿರುಗಿ ಕೂಗಿದರೆ ತೆರಿಗೆ ದ್ವೇಷಿ ಎನಿಸಿಕೊಳ್ಳುತ್ತಾನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ದೆಹಲಿಗೆ ಒಂದು, ಬೆಂಗಳೂರಿಗೆ ಇನ್ನೊಂದು ಆಗಲಾರದು.

ಮುಂದಿನ ಏಪ್ರಿಲ್‌ನಲ್ಲಿ ತೆರಿಗೆ ಏರಿಸುವ ಯೋಚನೆಯಿದ್ದರೆ ಏರಿಸಲಿ. ಅದಕ್ಕೂ ಮೊದಲು ಪ್ರತಿ ವಾರ್ಡಿನಲ್ಲಿ ಎಷ್ಟು ವಸೂಲಾಯಿತು, ಯಾವ ಸೆಸ್ ಯಾರಿಗೆ ಹೋಯಿತು, ಎಷ್ಟು ಬಾಕಿ ಉಳಿಯಿತು ಎಂಬುದನ್ನು ಅದೇ ರಸೀದಿಯ ಬೆನ್ನಿಗೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ.