ಹದ ಬಲ್ಲವರು

ಹಿಂಗಾರಿ ಜೋಳ ಬಿತ್ತುವ ಮುಂಚೆ ಯಾದಗಿರಿ ಜಿಲ್ಲೆಯ ಕೊಂಕಲ್ ಕಡೆಯ ರೈತರು ಹೊಲದಲ್ಲಿ ನಾಲ್ಕು ಬೆರಳು ಆಳ ಕೆದರಿ, ಹಿಡಿ ಎರೆಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮುತ್ತಾರೆ. ಉಂಡೆ ಕಟ್ಟಬೇಕು, ಕೈಬಿಟ್ಟರೆ ಒಡೆಯಬೇಕು. ಅಂಗೈಗೆ ಮೆತ್ತಿಕೊಂಡರೆ ಇನ್ನೆರಡು ದಿನ ತಡೆಯಬೇಕು. ಉಂಡೆಯೇ ಕಟ್ಟದಿದ್ದರೆ ಹದ ಹೋಯಿತು. ಈ ಹದ ಇರುವುದೆಲ್ಲಿ? ಮಣ್ಣಿನಲ್ಲೋ, ಅದುಮಿದ ಕೈಯಲ್ಲೋ?

ಪ್ರಶ್ನೆ ಹಳೆಯದು. ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಶಂಕರರು ಅರಿಯುವುದನ್ನೂ ಅರಿಯಲ್ಪಡುವುದನ್ನೂ ಬೆಳಕು ಕತ್ತಲೆಗಳಂತೆ ಎದುರುಬದುರು ನಿಲ್ಲಿಸಿದರು. ಅವರ ದಾರಿ ಕೊನೆಗೆ ಎರಡಿಲ್ಲದ ಕಡೆಗೇ ಹೋಗುತ್ತದೆ ಎಂಬುದು ಬೇರೆ ಮಾತು. 17ನೇ ಶತಮಾನದ ಯುರೋಪಿನಲ್ಲಿ ತತ್ವಜ್ಞಾನಿ ಡೆಕಾರ್ಟ್ ಮನಸ್ಸನ್ನು ಒಂದು ಕಡೆ, ಜಗತ್ತನ್ನು ಇನ್ನೊಂದು ಕಡೆ ಇಟ್ಟರು. ಜ್ಞಾನವೆಂದರೆ ದೂರ ಕೂತು ನೋಡುವುದು ಎಂಬ ಈ ನಂಬಿಕೆಯನ್ನು 1929ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಬುಡದಿಂದಲೇ ಅಲ್ಲಗಳೆದರು. ಕೈಹಾಕಿ, ಬದಲಿಸಿ, ಏನಾಯಿತೆಂದು ಕಾಣುವುದೇ ಅರಿಯುವುದು ಎಂಬುದು ಅವರ ವಾದ.

ಕನ್ನಡ ಬಲ್ಲವರಿಗೆ ಇದು ಹೊಸದೆನಿಸಬೇಕಿಲ್ಲ. ‘ಬಲ್ಲೆ’ ಎಂದರೆ ತಿಳಿದಿದೆ. ‘ಈಜಬಲ್ಲೆ’ ಎಂದರೆ ಈಜಲು ಬರುತ್ತದೆ. ತಿಳಿವಿಗೂ ಮಾಡುವ ಕಸುವಿಗೂ ಒಂದೇ ಮಾತು. ಸುರಪುರ ಸೀಮೆಯ ಮುದನೂರಿನ ವಚನಕಾರ ದಾಸಿಮಯ್ಯ ನೇಕಾರ. ನೂಲಿನ ಬಿಗಿ ಎಷ್ಟಿರಬೇಕೆಂಬುದು ಮಗ್ಗದ ಮೇಲಿನ ಕೈಗೇ ತಿಳಿಯುವಂಥದ್ದು. 12ನೇ ಶತಮಾನದ ಶರಣರು ಗುಡಿಯೊಳಗಿನ ಲಿಂಗವನ್ನು ದೂರದಿಂದ ನೋಡಿ ತೃಪ್ತರಾಗಲಿಲ್ಲ, ಅಂಗೈಗೇ ತಂದುಕೊಂಡರು.

ಹಾಗೆಂದು ದೂರ ನಿಂತು ಅಳೆಯುವುದನ್ನು ನಾನು ಹೀಗಳೆಯಲಾರೆ. ಸತುವಿನ ಕೊರತೆ ಯಾವ ಮುಷ್ಟಿಗೂ ತಿಳಿಯದು. ‘ನಮ್ಮಪ್ಪ ಹೇಳಿದ್ದೇ ಸರಿ’ ಎಂಬ ಹಟದಿಂದ ಹಾಳಾದ ಹೊಲಗಳೂ ಇವೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ 12 ಅಂಶಗಳನ್ನು ಅಳೆದು ಹೇಳುತ್ತದೆ, ಅದು ಬೇಕು. ಆದರೆ ಆ ಅಂಕಿಯೂ ಒಂದು ಕೈಯಿಂದಲೇ ಹುಟ್ಟುವುದು. ಮಾದರಿ ತೆಗೆದವರು ಬದುವಿನ ಅಂಚಿನದೋ ತಿಪ್ಪೆಯ ಪಕ್ಕದ್ದೋ ಮಣ್ಣು ತುಂಬಿದರೆ, ಪ್ರಯೋಗಾಲಯ ಎಷ್ಟೇ ನಿಖರವಾಗಿದ್ದರೂ ಕಾರ್ಡು ಬೇರಾವುದೋ ಹೊಲದ ಮಾತಾಡುತ್ತದೆ.

ನನಗೆ ನೋವಾಗುವ ಅಗಲಿಕೆ ಇನ್ನೊಂದಿದೆ, ಸಲಹೆ ಕೊಡುವವರಿಗೂ ನಷ್ಟ ಉಣ್ಣುವವರಿಗೂ ನಡುವಿನದು. ತತ್ವಶಾಸ್ತ್ರ ಅದನ್ನು ಇನ್ನೂ ಜೋರಾಗಿ ಹೇಳಬೇಕಿತ್ತು. ಹದ ತಪ್ಪಿ ಬಿತ್ತಿದರೆ ರೈತರ ಬೀಜ ಹೋಗುತ್ತದೆ, ವರ್ಷ ಹೋಗುತ್ತದೆ. ದೂರದಿಂದ ಸಲಹೆ ಕೊಟ್ಟವರದ್ದು ಏನೂ ಹೋಗುವುದಿಲ್ಲ. ತಪ್ಪಿನ ಪೆಟ್ಟು ತಿನ್ನದವರ ಮಾತಿಗೆ ‘ಜ್ಞಾನ’ ಎಂದೂ, ತಿಂದು ಕಲಿತವರದ್ದಕ್ಕೆ ಬರೀ ‘ರೂಢಿ’ ಎಂದೂ ಹೆಸರಿಟ್ಟಿದ್ದೇವೆ. ಕಾರ್ಡು ಓದಿ ಹೇಳುವವರು ಬಿತ್ತುವ ಮುಂಜಾನೆ ಹೊಲಕ್ಕೆ ಬರಲಿ. ಹೊಲದವರು ಅದುಮಿದ ಉಂಡೆಯನ್ನು ತಮ್ಮ ಅಂಗೈಗೂ ಒಮ್ಮೆ ಇಸಿದುಕೊಳ್ಳಲಿ. ಬಿತ್ತಬೇಕೋ ಬೇಡವೋ ಎಂಬುದನ್ನು ಅಲ್ಲೇ ನಿಂತು ಇಬ್ಬರೂ ಮಾತಾಡಲಿ.